ಇಐಎಸ್ ಷೇರು ಕೊಂಡಿದ್ದೀರಾ? ಇಐಎಸ್3 ಕಾಗದ ಬಿಡಬೇಡಿ

2020ರ ಫೆಬ್ರವರಿಯಲ್ಲಿ ಒಂದು ಸಣ್ಣ ಕಂಪನಿಯ ಷೇರಿಗೆ ನಾನು 10,000 ಪೌಂಡ್ ಹಾಕಿದೆ. ರೋಗಿಯ ಮಾತ್ರೆಗಳನ್ನು ದಿನದ ಲೆಕ್ಕದಲ್ಲಿ ಪೊಟ್ಟಣ ಕಟ್ಟುವ ಯಂತ್ರ ಅವರದು. ಇಂಗ್ಲೆಂಡಿನಲ್ಲಿ ಫಾರ್ಮಸಿಸ್ಟ್ ಆಗಿರುವ ನನಗೆ ಯಂತ್ರ ತಕ್ಷಣ ಅರ್ಥವಾಯಿತು. ತೆರಿಗೆ ಅರ್ಥವಾಗಲು ಮಾತ್ರ ವರ್ಷಗಳೇ ಹಿಡಿದವು. ನೀವು ಅಷ್ಟು ಒದ್ದಾಡಬಾರದು ಅಂತ ಬರೆಯುತ್ತಿದ್ದೇನೆ.

ಬ್ರಿಟನ್ನಿನ ಎಂಟರ್‌ಪ್ರೈಸ್ ಇನ್ವೆಸ್ಟ್‌ಮೆಂಟ್ ಸ್ಕೀಮ್, ಅಂದರೆ ಇಐಎಸ್, 1994ರಿಂದ ಇದೆ. ಕಂಪನಿ ಹೊಸದಾಗಿ ಕೊಡುವ ಷೇರಿಗೆ ಹಾಕಿದ ಹಣದ 30% ನಿಮ್ಮ ಆದಾಯ ತೆರಿಗೆಯಲ್ಲಿ ಕಡಿಮೆಯಾಗುತ್ತದೆ. ಬೇರೆಯವರಿಂದ ಕೊಂಡ ಷೇರಿಗೆ ಇದು ಸಿಗದು. ಇನ್ನೂ ಎಳೆಯ ಕಂಪನಿಗಳಿಗೆ ಎಸ್‌ಇಐಎಸ್ ಅಂತ ಇದೇ ಥರದ ಇನ್ನೊಂದು ಯೋಜನೆ ಇದೆ. ಅಲ್ಲಿ 50%, ವರ್ಷಕ್ಕೆ 2 ಲಕ್ಷ ಪೌಂಡ್ ಮಿತಿ. ಎರಡರಲ್ಲೂ ಷೇರನ್ನು ಮೂರು ವರ್ಷ ಇಟ್ಟುಕೊಳ್ಳಬೇಕು.

ಹಣ ಹಾಕುವ ಮೊದಲು ಮನೆಯವರ ಲೆಕ್ಕ ನೋಡಿ. ನೀವಾಗಲಿ ನಿಮ್ಮ ಗಂಡ ಅಥವಾ ಹೆಂಡತಿಯಾಗಲಿ ಆ ಕಂಪನಿಯ ನೌಕರರಾಗಿದ್ದರೆ ಇಐಎಸ್ ವಿನಾಯಿತಿ ಇಲ್ಲ. ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳು ಎಲ್ಲ ಸೇರಿ ಷೇರು 30% ದಾಟಬಾರದು. ಅಣ್ಣ-ತಮ್ಮ, ಅಕ್ಕ-ತಂಗಿಯರು ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ತಮ್ಮನ ಕಂಪನಿಗೆ ಅಕ್ಕ ಹಣ ಹಾಕಬಹುದು. 'ಅಡ್ವಾನ್ಸ್ ಅಶ್ಯೂರೆನ್ಸ್ ಸಿಕ್ಕಿದೆ' ಅಂತ ಕಂಪನಿಯವರು ತೋರಿಸುತ್ತಾರೆ. ಷೇರಿಗೆ ವಿನಾಯಿತಿ ಸಿಗಬಹುದು ಎಂದು ಬ್ರಿಟನ್ನಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ ಮುಂಚಿತವಾಗಿ ಹೇಳಿದ ಅಭಿಪ್ರಾಯ ಅದು. ಕಂಪನಿ ಉಳಿಯುತ್ತದಾ ಅನ್ನುವುದನ್ನು ಅವರು ನೋಡಿರುವುದಿಲ್ಲ.

ಇನ್ನು ಕಾಗದದ ವಿಷಯ. ಇಐಎಸ್3 ಅಂದರೆ ಕಂಪನಿ ನಿಮಗೆ ಕೊಡುವ ಪ್ರಮಾಣಪತ್ರದ ಫಾರಂ. ಅದು ಕೈಗೆ ಬರುವವರೆಗೆ ನೀವು ವಿನಾಯಿತಿ ಕ್ಲೇಮ್ ಮಾಡುವ ಹಾಗಿಲ್ಲ. ಕಂಪನಿ ನಾಲ್ಕು ತಿಂಗಳು ವ್ಯಾಪಾರ ನಡೆಸಿ, ಎಚ್‌ಎಂಆರ್‌ಸಿಗೆ ಇಐಎಸ್1 ಅರ್ಜಿ ಸಲ್ಲಿಸಿ, ಒಪ್ಪಿಗೆ ಪಡೆದ ಮೇಲೆ ಅದು ಬರುತ್ತದೆ. ನನಗೆ ಬರಲು 13 ತಿಂಗಳಾಯಿತು. ಪ್ರತಿ ತಿಂಗಳು 1ನೇ ತಾರೀಕು ಕಂಪನಿಗೆ ಇಮೇಲ್ ಹಾಕುತ್ತಿದ್ದೆ. ಸಂಕೋಚ ಪಡಬೇಡಿ, ನೀವೂ ಕೇಳಿ. ಕ್ಲೇಮಿನ ಗಡುವು ದೊಡ್ಡದೇ ಇದೆ: ಷೇರು ಕೊಂಡ ತೆರಿಗೆ ವರ್ಷ ಮುಗಿದ ನಂತರದ ಜನವರಿ 31ರಿಂದ ಐದು ವರ್ಷ. ಸೆಲ್ಫ್ ಅಸೆಸ್‌ಮೆಂಟ್, ಅಂದರೆ ನಾವೇ ತುಂಬುವ ತೆರಿಗೆ ರಿಟರ್ನ್‌ನ, ಎಸ್‌ಎ101 ಪುಟದಲ್ಲಿ ಮೊತ್ತ ಬರೆದು, ಇಐಎಸ್3 ಫಾರಂನಲ್ಲಿರುವ ಯುಐಆರ್ (ಆ ಹೂಡಿಕೆಯ ಗುರುತಿನ) ಸಂಖ್ಯೆ, ಕಂಪನಿ ಹೆಸರು, ಷೇರು ಕೊಟ್ಟ ದಿನಾಂಕವನ್ನು ಹೆಚ್ಚಿನ ಮಾಹಿತಿಯ ಜಾಗದಲ್ಲಿ ಸೇರಿಸಿ.

ನನಗೆ ಇನ್ನೊಂದು ತೊಡಕಿತ್ತು. 2019-20ರಲ್ಲಿ ಹೆರಿಗೆ ರಜೆಯಲ್ಲಿದ್ದೆ. ಆ ವರ್ಷದ ತೆರಿಗೆ ಸುಮಾರು 1,900 ಪೌಂಡ್ ಮಾತ್ರ. ಇರುವ ತೆರಿಗೆಗಿಂತ ಜಾಸ್ತಿ ವಿನಾಯಿತಿ ಸಿಗುವುದಿಲ್ಲ, ಉಳಿದದ್ದು ಮುಂದಿನ ವರ್ಷಕ್ಕೂ ಹೋಗುವುದಿಲ್ಲ. ಹಿಂದಿನ ವರ್ಷಕ್ಕೆ ಮಾತ್ರ ಒಯ್ಯಬಹುದು. ಹಾಗಾಗಿ ಷೇರನ್ನು 2018-19ರಲ್ಲಿ ಕೊಂಡಂತೆ ಪರಿಗಣಿಸಿ ಎಂದು ಇಐಎಸ್3ರ ಕ್ಲೇಮ್ ಪುಟ ತುಂಬಿ ಕಳಿಸಿದೆ. ಪೂರ್ತಿ 3,000 ವಾಪಸ್ ಬಂತು.

ಸಣ್ಣ ಮೊತ್ತ, ಯಾಕೆ ತಲೆನೋವು ಅಂತ ಈ ಕ್ಲೇಮನ್ನು ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೂರು ವರ್ಷದ ನಂತರ ಷೇರು ಲಾಭಕ್ಕೆ ಮಾರಿದರೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ. ಆದರೆ ಆದಾಯ ತೆರಿಗೆ ವಿನಾಯಿತಿ ಪಡೆದವರಿಗಷ್ಟೇ ಅದು. ಇಲ್ಲಿ ಸುಮ್ನೆ ಬಿಟ್ಟದ್ದು ಅಲ್ಲಿ ದೊಡ್ಡ ಮೊತ್ತವನ್ನೇ ಕಸಿಯಬಹುದು.

ನನ್ನ ಷೇರಿಗೆ ಆ ಯೋಗ ಬರಲಿಲ್ಲ. 2023ರಲ್ಲಿ ಕಂಪನಿ ಮುಳುಗಿತು. ಬಹಳ ಬೇಸರವಾಯಿತು, ಯಂತ್ರ ನಿಜಕ್ಕೂ ಒಳ್ಳೆಯದಿತ್ತು. ಆಗ ಲಾಸ್ ರಿಲೀಫ್, ಅಂದರೆ ನಷ್ಟವನ್ನು ಆದಾಯದಿಂದ ಕಳೆದು ತೆರಿಗೆ ಇಳಿಸುವ ಸೌಲಭ್ಯ, ನೆರವಿಗೆ ಬಂತು. ಹಾಕಿದ್ದು 10,000, ಮೊದಲೇ ಪಡೆದ 3,000 ಕಳೆದರೆ ನಷ್ಟ 7,000. ನಾನು 40% ದರದಲ್ಲಿ ತೆರಿಗೆ ಕಟ್ಟುತ್ತಿದ್ದೆ, ಆದ್ದರಿಂದ 2,800 ಉಳಿಯಿತು. ಕೊನೆಗೆ ನನ್ನ ಕೈಬಿಟ್ಟದ್ದು 4,200 ಪೌಂಡ್. ಹಣ ಹಾಕುವ ದಿನವೇ ನೀವು ಈ ಲೆಕ್ಕ ಹಾಕಿ ನೋಡಿ. ಅಷ್ಟು ಹೋದರೂ ಮನೆ ನಡೆಯುತ್ತದೆ ಅಂದರೆ ಮಾತ್ರ ಮುಂದುವರಿಯಿರಿ.

ನಷ್ಟವನ್ನು ಆದಾಯದಿಂದ ಕಳೆಯಿರಿ ಎಂದು ನೀವೇ ಕೇಳಬೇಕು. ಇದರ ಗಡುವು ಚಿಕ್ಕದು: 2023-24ರ ನಷ್ಟಕ್ಕೆ 2026ರ ಜನವರಿ 31. ಕಂಪನಿ ಇನ್ನೂ ಅಧಿಕೃತವಾಗಿ ಮುಚ್ಚದಿದ್ದರೂ, ಷೇರಿಗೆ ಬೆಲೆಯೇ ಉಳಿದಿಲ್ಲದಿದ್ದರೆ 'ನೆಗ್ಲಿಜಬಲ್ ವ್ಯಾಲ್ಯೂ' ಕ್ಲೇಮ್ ಮಾಡಬಹುದು. ನಾನು ಮಾಡಿದ್ದೂ ಅದನ್ನೇ. ಷೇರು ಸರ್ಟಿಫಿಕೇಟ್, ಇಐಎಸ್3, ಮುಳುಗಿದ ಕಂಪನಿಯ ಲೆಕ್ಕ ಮುಗಿಸುವ ಲಿಕ್ವಿಡೇಟರ್ ಕಳಿಸಿದ ಪತ್ರ, ಮೂರೂ ಒಂದೇ ಫೈಲಿನಲ್ಲಿದ್ದವು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.