ಒಂದು ರಾಜ್ಯದ ವಿಶೇಷ ವೃತ್ತಿಗಳನ್ನು ಗುರುತಿಸುವ ಬಗೆ: ಅಮೆರಿಕದ ಉದ್ಯೋಗ ಅಂಕಿಅಂಶಗಳನ್ನು ಓದುವ ಕ್ರಮ

ಅಮೆರಿಕದ ಯಾವ ರಾಜ್ಯವನ್ನೇ ತೆಗೆದುಕೊಂಡು, ಅಲ್ಲಿ ಅತಿ ಹೆಚ್ಚು ಜನ ಮಾಡುವ ಕೆಲಸ ಯಾವುದೆಂದು ಹುಡುಕಿದರೂ ಸಿಗುವ ಪಟ್ಟಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಅಂಗಡಿಯ ಮಾರಾಟಗಾರರು, ಕ್ಯಾಷಿಯರ್‌ಗಳು, ನರ್ಸ್‌ಗಳು, ಮನೆಗೆ ಬಂದು ಆರೈಕೆ ಮಾಡುವವರು, ಫಾಸ್ಟ್ ಫುಡ್ ಮಳಿಗೆಯ ಕೆಲಸಗಾರರು ಎಲ್ಲೆಡೆ ಮೇಲಿನ ಸಾಲಿನಲ್ಲೇ ಇರುತ್ತಾರೆ. ಜನವಸತಿ ಇರುವಲ್ಲೆಲ್ಲ ಈ ಕೆಲಸಗಳು ಬೇಕಾಗುತ್ತವೆ. ಆದ್ದರಿಂದ ಈ ಪಟ್ಟಿಯಿಂದ ಆ ರಾಜ್ಯದ ಬಗ್ಗೆ ನಮಗೆ ಹೊಸದೇನೂ ತಿಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ದೇಶದ ಸರಾಸರಿಗೆ ಹೋಲಿಸಿದರೆ ಈ ರಾಜ್ಯದಲ್ಲಿ ಯಾವ ವೃತ್ತಿ ಅಸಾಮಾನ್ಯ ಪ್ರಮಾಣದಲ್ಲಿದೆ? ನೆವಾಡದಲ್ಲಿ ಜೂಜಿನ ಮೇಜಿನಲ್ಲಿ ಎಲೆ ಹಂಚುವ ಕ್ಯಾಸಿನೋ ಡೀಲರ್‌ಗಳು, ವೆಸ್ಟ್ ವರ್ಜೀನಿಯಾದಲ್ಲಿ ಕಲ್ಲಿದ್ದಲು ಗಣಿಯ ಚಾವಣಿ ಕುಸಿಯದಂತೆ ಬೋಲ್ಟ್ ಹೊಡೆಯುವವರು, ಅಲಾಸ್ಕಾದಲ್ಲಿ ಸಣ್ಣ ವಿಮಾನಗಳ ಪೈಲಟ್‌ಗಳು ಎದ್ದು ಕಾಣುವುದು ಈ ಪ್ರಶ್ನೆಯನ್ನು ಕೇಳಿದಾಗ ಮಾತ್ರ. ಇದಕ್ಕೆ ಉತ್ತರ ಕಂಡುಕೊಳ್ಳಲು ಬೇಕಾದ ಅಂಕಿಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ, ಬೇಕಾದ ಗಣಿತ ಭಾಗಾಕಾರಕ್ಕಿಂತ ಮುಂದೆ ಹೋಗುವುದಿಲ್ಲ. ಕಷ್ಟವಿರುವುದು ಬಂದ ಉತ್ತರವನ್ನು ಸರಿಯಾಗಿ ಓದುವುದರಲ್ಲಿ.

ಅಂಕಿಗಳು ಸಿಗುವ ಜಾಗ

ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೋ, ಅಂದರೆ ಬಿಎಲ್ಎಸ್, ವೃತ್ತಿವಾರು ಉದ್ಯೋಗ ಮತ್ತು ವೇತನದ ಸಮೀಕ್ಷೆಯೊಂದನ್ನು ನಡೆಸುತ್ತದೆ. ವರ್ಷಕ್ಕೆ ಎರಡು ಕಂತಿನಂತೆ ಮೂರು ವರ್ಷಗಳಲ್ಲಿ ಆರು ಕಂತುಗಳಲ್ಲಿ ಸುಮಾರು 11 ಲಕ್ಷ ಉದ್ಯೋಗ ಸಂಸ್ಥೆಗಳಿಂದ ಮಾಹಿತಿ ಸಂಗ್ರಹಿಸಿ, ಪ್ರತಿ ವರ್ಷದ ಮೇ ತಿಂಗಳನ್ನು ಆಧಾರವಾಗಿಟ್ಟುಕೊಂಡು ದೇಶ, ರಾಜ್ಯ ಮತ್ತು ಮಹಾನಗರ ಪ್ರದೇಶಗಳಿಗೆ ಪ್ರತ್ಯೇಕ ಅಂದಾಜುಗಳನ್ನು ಪ್ರಕಟಿಸಲಾಗುತ್ತದೆ. ವೃತ್ತಿಗಳ ಹೆಸರು ಮತ್ತು ಸಂಕೇತಗಳು 2018ರ ಪ್ರಮಾಣಿತ ವೃತ್ತಿ ವರ್ಗೀಕರಣವನ್ನು ಅನುಸರಿಸುತ್ತವೆ. ಅದರಲ್ಲಿ 867 ವಿವರವಾದ ವೃತ್ತಿಗಳಿವೆ. ರಾಜ್ಯಗಳ ಎಕ್ಸೆಲ್ ಕಡತವನ್ನು ಇಳಿಸಿಕೊಂಡರೆ ಪ್ರತಿ ವೃತ್ತಿಯ ಎದುರು ಒಟ್ಟು ಉದ್ಯೋಗಗಳ ಸಂಖ್ಯೆ, ಆ ಸಂಖ್ಯೆಯ ಸಾಪೇಕ್ಷ ದೋಷದ ಶೇಕಡಾವಾರು (ಅಂದಾಜು ಎಷ್ಟು ಆಚೀಚೆ ಇರಬಹುದೆಂಬುದರ ಅಳತೆ), ಪ್ರತಿ 1,000 ಉದ್ಯೋಗಗಳಲ್ಲಿ ಆ ವೃತ್ತಿಯ ಪಾಲು ಮತ್ತು ಲೊಕೇಶನ್ ಕೋಶೆಂಟ್ ಎಂಬ ಅಂಕಿ ಕಾಣುತ್ತವೆ. ನಮಗೆ ಬೇಕಾದದ್ದು ಈ ಕೊನೆಯ ಅಂಕಿ. ಇದನ್ನು ಇಲ್ಲಿ ಸಾಂದ್ರತೆಯ ಅನುಪಾತ ಎಂದು ಕರೆಯುತ್ತೇನೆ.

ಕಡತ ತೆರೆದ ತಕ್ಷಣ ಮಾಡಬೇಕಾದ ಒಂದು ಕೆಲಸವಿದೆ. ಅದರಲ್ಲಿ ದೊಡ್ಡ ಗುಂಪುಗಳ ಸಾಲುಗಳೂ ವಿವರವಾದ ವೃತ್ತಿಗಳ ಸಾಲುಗಳೂ ಬೆರೆತಿರುತ್ತವೆ. ವಿವರವಾದ ವೃತ್ತಿಗಳನ್ನು ಮಾತ್ರ ಉಳಿಸಿಕೊಳ್ಳದಿದ್ದರೆ ಒಬ್ಬನೇ ಕೆಲಸಗಾರನನ್ನು ಎರಡು ಮೂರು ಬಾರಿ ಎಣಿಸಿದಂತಾಗುತ್ತದೆ.

ಲೆಕ್ಕವನ್ನು ಒಮ್ಮೆ ಕೈಯಿಂದಲೇ ಮಾಡಿ

ಸಿದ್ಧ ಅಂಕಿ ಇದ್ದರೂ ಲೆಕ್ಕವನ್ನು ಒಂದು ಸಲವಾದರೂ ಸ್ವತಃ ಮಾಡಿ ನೋಡಬೇಕೆಂಬುದು ನನ್ನ ಒತ್ತಾಯ. ಹಾಗೆ ಮಾಡಿದವರಿಗೆ ಅನುಪಾತದ ಅರ್ಥ ಮತ್ತೆ ಮರೆಯುವುದಿಲ್ಲ. ಒಂದು ಕಾಲ್ಪನಿಕ ರಾಜ್ಯದಲ್ಲಿ ಒಟ್ಟು 20 ಲಕ್ಷ ಉದ್ಯೋಗಗಳಿವೆ, ದೇಶದಲ್ಲಿ 15 ಕೋಟಿ ಉದ್ಯೋಗಗಳಿವೆ ಎಂದುಕೊಳ್ಳೋಣ. ಒಂದು ವೃತ್ತಿಯಲ್ಲಿ ಆ ರಾಜ್ಯದಲ್ಲಿ 3,000 ಜನರೂ ದೇಶದಲ್ಲಿ 75,000 ಜನರೂ ಇದ್ದಾರೆ. ರಾಜ್ಯದಲ್ಲಿ ಪ್ರತಿ ಸಾವಿರಕ್ಕೆ 1.5, ದೇಶದಲ್ಲಿ ಪ್ರತಿ ಸಾವಿರಕ್ಕೆ 0.5. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 3. ಆ ವೃತ್ತಿ ಆ ರಾಜ್ಯದಲ್ಲಿ ದೇಶದ ಸರಾಸರಿಯ ಮೂರು ಪಟ್ಟು ಸಾಂದ್ರವಾಗಿದೆ ಎಂದರ್ಥ. ಅನುಪಾತ 1 ಬಂದರೆ ಸರಾಸರಿಗೆ ಸಮ, ಅದಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ವಿರಳ.

ಇಷ್ಟಕ್ಕೇ ನಿಲ್ಲಿಸದೆ ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು. ದೇಶದ ಸರಾಸರಿಯಂತೆಯೇ ಇದ್ದಿದ್ದರೆ ಆ ರಾಜ್ಯದಲ್ಲಿ ಆ ವೃತ್ತಿಯವರು 1,000 ಮಂದಿ ಇರಬೇಕಿತ್ತು, ಇರುವವರು 3,000. ಹೆಚ್ಚುವರಿ 2,000. ಅದೇ ರಾಜ್ಯದಲ್ಲಿ 46,000 ನರ್ಸ್‌ಗಳಿದ್ದು, ದೇಶದಲ್ಲಿ 30 ಲಕ್ಷ ನರ್ಸ್‌ಗಳಿದ್ದಾರೆ ಎಂದುಕೊಂಡರೆ ಅನುಪಾತ ಕೇವಲ 1.15 ಆಗುತ್ತದೆ, ಆದರೆ ಹೆಚ್ಚುವರಿ ಉದ್ಯೋಗಗಳು 6,000. ಅನುಪಾತವನ್ನು ಮಾತ್ರ ನೋಡುವವರಿಗೆ ಈ 6,000 ಕಾಣುವುದೇ ಇಲ್ಲ. ಮೊದಲನೆಯ ವೃತ್ತಿ ಆ ರಾಜ್ಯದ ವಿಶಿಷ್ಟತೆಯನ್ನು ಹೇಳಿದರೆ, ಎರಡನೆಯದು ಅಲ್ಲಿನ ಜನರ ಸಂಪಾದನೆಯ ಬಗ್ಗೆ ಹೆಚ್ಚು ಹೇಳುತ್ತದೆ. ಹೀಗಾಗಿ ಪಟ್ಟಿಯನ್ನು ಎರಡು ಬಗೆಯಲ್ಲಿ ಜೋಡಿಸಿ: ಒಮ್ಮೆ ಅನುಪಾತದ ಇಳಿಕೆಯ ಕ್ರಮದಲ್ಲಿ, ಇನ್ನೊಮ್ಮೆ ಹೆಚ್ಚುವರಿ ಉದ್ಯೋಗಗಳ ಇಳಿಕೆಯ ಕ್ರಮದಲ್ಲಿ. ಎರಡರಲ್ಲೂ ಮೇಲೆ ಬರುವ ವೃತ್ತಿಯೇ ನಿಜವಾಗಿ ಆ ರಾಜ್ಯದ ಗುರುತು.

ದೊಡ್ಡ ಅನುಪಾತವನ್ನು ಕಂಡಾಗ ಮೊದಲು ಅನುಮಾನಿಸಿ

ಪಟ್ಟಿಯ ತುದಿಯಲ್ಲಿ ಕಾಣುವ ಬೆರಗಿನ ಅಂಕಿಗಳಲ್ಲಿ ಹಲವು ಬಹಳ ಸಣ್ಣ ವೃತ್ತಿಗಳವು. ಇದು ಸಮೀಕ್ಷೆಯೇ ಹೊರತು ಜನಗಣತಿಯಲ್ಲ. ಉದ್ಯೋಗಗಳ ಸಂಖ್ಯೆಯನ್ನು ಹತ್ತರ ಸಮೀಪಕ್ಕೆ ಪೂರ್ಣಗೊಳಿಸಿ ಪ್ರಕಟಿಸುತ್ತಾರೆ. ಒಂದು ವೃತ್ತಿಯಲ್ಲಿ 100 ಜನರಿದ್ದಾರೆಂದು ಬರೆದು ಪಕ್ಕದಲ್ಲಿ ಸಾಪೇಕ್ಷ ದೋಷ ಶೇ. 30 ಎಂದಿದ್ದರೆ, ಶೇ. 90ರ ಭರವಸೆಗೆ ಆ ದೋಷದ ಸುಮಾರು 1.65 ಪಟ್ಟನ್ನು ಎರಡೂ ಬದಿಗೆ ಬಿಡಬೇಕಾದ್ದರಿಂದ ನಿಜವಾದ ಸಂಖ್ಯೆ ಸುಮಾರು 50ರಿಂದ 150ರ ನಡುವೆ ಎಲ್ಲಾದರೂ ಇರಬಹುದು. ಅನುಪಾತ 4 ಎಂದು ಮುದ್ರಿತವಾಗಿದ್ದರೂ ಅದು 2 ಇರಬಹುದು, 6 ಇರಬಹುದು. ಅಂಥ ವೃತ್ತಿಯನ್ನು ಶೀರ್ಷಿಕೆಗೆ ಏರಿಸುವುದು ಓದುಗರಿಗೆ ಮಾಡುವ ಅನ್ಯಾಯ. ಇಷ್ಟಕ್ಕಿಂತ ಕಡಿಮೆ ಜನರಿರುವ ಮತ್ತು ಇಷ್ಟಕ್ಕಿಂತ ಹೆಚ್ಚು ದೋಷವಿರುವ ವೃತ್ತಿಗಳನ್ನು ಬಿಡುತ್ತೇನೆ ಎಂಬ ಮಿತಿಯನ್ನು ಪಟ್ಟಿ ನೋಡುವ ಮೊದಲೇ ಗೊತ್ತುಮಾಡಿಕೊಳ್ಳುವುದು ಪ್ರಾಮಾಣಿಕ ಮಾರ್ಗ. ನೋಡಿದ ಮೇಲೆ ಮಿತಿ ಹಾಕಿದರೆ ನಮಗೆ ಇಷ್ಟವಾದ ಉತ್ತರ ಉಳಿಯುವಂತೆಯೇ ಮಿತಿ ಬೀಳುತ್ತದೆ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ, ಆದರೆ ರಾಜ್ಯ ರಾಜ್ಯಗಳನ್ನು ಹೋಲಿಸುವಾಗ ಇದೇ ಎಲ್ಲಕ್ಕಿಂತ ಮುಖ್ಯ. ಅನುಪಾತಕ್ಕೆ ಒಂದು ಗರಿಷ್ಠ ಮಿತಿಯಿದೆ, ಮತ್ತು ಆ ಮಿತಿ ರಾಜ್ಯದ ಗಾತ್ರದ ಮೇಲೆ ನಿಂತಿದೆ. ಒಂದು ವೃತ್ತಿಯ ದೇಶದ ಎಲ್ಲ ಉದ್ಯೋಗಗಳೂ ಒಂದೇ ರಾಜ್ಯದಲ್ಲಿವೆ ಎಂದುಕೊಳ್ಳಿ. ಆಗ ಬರುವ ಅನುಪಾತ, ದೇಶದ ಒಟ್ಟು ಉದ್ಯೋಗಗಳಲ್ಲಿ ಆ ರಾಜ್ಯದ ಪಾಲಿನಿಂದ 1ನ್ನು ಭಾಗಿಸಿದಷ್ಟು. ಕ್ಯಾಲಿಫೋರ್ನಿಯಾದ ಪಾಲು ಶೇ. 12ರ ಸಮೀಪ ಇರುವುದರಿಂದ ಅಲ್ಲಿ ಯಾವ ವೃತ್ತಿಯ ಅನುಪಾತವೂ ಎಂಟೂವರೆಯ ಆಸುಪಾಸನ್ನು ದಾಟಲಾರದು. ವಯೋಮಿಂಗ್‌ನ ಪಾಲು ಶೇ. 0.2ಕ್ಕಿಂತಲೂ ಕಡಿಮೆ, ಅಲ್ಲಿ ಅನುಪಾತ 500ನ್ನು ಮೀರುವುದೂ ಲೆಕ್ಕದ ಮಟ್ಟಿಗೆ ಸಾಧ್ಯ. ಹಾಗಾಗಿ ಐವತ್ತು ರಾಜ್ಯಗಳ ಅತಿ ದೊಡ್ಡ ಅನುಪಾತಗಳನ್ನು ಒಂದೇ ನಕ್ಷೆಯಲ್ಲಿಟ್ಟು, ಸಣ್ಣ ರಾಜ್ಯಗಳು ಹೆಚ್ಚು ವಿಶಿಷ್ಟವೆಂದು ತೀರ್ಮಾನಿಸಿದರೆ ಅದು ಗಾತ್ರದ ಭ್ರಮೆ. ದೊಡ್ಡ ರಾಜ್ಯದ ಬಗ್ಗೆ ಬರೆಯುವಾಗ ಆ ರಾಜ್ಯವನ್ನು ಕಳೆದು ಉಳಿದ ದೇಶದೊಡನೆ ಹೋಲಿಸುವುದು ಒಳ್ಳೆಯದು. ದೇಶದ ಉದ್ಯೋಗಗಳಲ್ಲಿ ಶೇ. 12 ಪಾಲಿರುವ ರಾಜ್ಯದಲ್ಲಿ ಒಂದು ವೃತ್ತಿಯ ಅನುಪಾತ 4 ಎಂದರೆ ದೇಶದ ಆ ವೃತ್ತಿಯವರಲ್ಲಿ ಶೇ. 48 ಮಂದಿ ಅಲ್ಲೇ ಇದ್ದಾರೆ; ಉಳಿದ ಶೇ. 52 ಮಂದಿ ಶೇ. 88ರಷ್ಟು ಉದ್ಯೋಗಗಳ ನಡುವೆ ಹಂಚಿಹೋಗಿದ್ದಾರೆ. ಉಳಿದ ದೇಶಕ್ಕೆ ಹೋಲಿಸಿದರೆ ಆ ವೃತ್ತಿ ಅಲ್ಲಿ ಸುಮಾರು 6.8 ಪಟ್ಟು ಸಾಂದ್ರ.

ಪಟ್ಟಿಯಲ್ಲಿ ಇಲ್ಲದವರು

ಬಿಎಲ್ಎಸ್‌ನ ಈ ಸಮೀಕ್ಷೆ ಸಂಬಳಕ್ಕೆ ದುಡಿಯುವವರನ್ನು ಮಾತ್ರ ಎಣಿಸುತ್ತದೆ. ಸ್ವಂತ ಉದ್ಯೋಗದವರು, ನೋಂದಾಯಿತ ಕಂಪನಿಯಾಗದ ವ್ಯವಹಾರಗಳ ಮಾಲೀಕರು, ಮನೆಗೆಲಸದವರು, ಕುಟುಂಬದ ವ್ಯವಹಾರದಲ್ಲಿ ಸಂಬಳವಿಲ್ಲದೆ ದುಡಿಯುವವರು ಇದರಲ್ಲಿಲ್ಲ. ಹೊಲದಲ್ಲಿ ದುಡಿಯುವವರಲ್ಲಿ ಬಹುಪಾಲು ಜನರೂ ಇಲ್ಲ. ಇದರ ಪರಿಣಾಮ ಎಷ್ಟು ದೊಡ್ಡದು ಎಂಬುದಕ್ಕೆ ಮೇನ್ ರಾಜ್ಯವನ್ನು ನೋಡಬೇಕು. ಅಮೆರಿಕದಲ್ಲಿ ಹಿಡಿಯುವ ಲಾಬ್‌ಸ್ಟರ್ ಎಂಬ ದೊಡ್ಡ ಸೀಗಡಿಯಂಥ ಸಮುದ್ರಜೀವಿಗಳಲ್ಲಿ ಬಹುಪಾಲು ಬರುವುದು ಆ ಒಂದೇ ರಾಜ್ಯದ ಕರಾವಳಿಯಿಂದ. ಪರವಾನಗಿ ಪಡೆದವರೇ ದೋಣಿಯಲ್ಲಿದ್ದು ಹಿಡಿಯಬೇಕೆಂಬ ಅಲ್ಲಿನ ನಿಯಮದಿಂದಾಗಿ ಆ ವೃತ್ತಿ ದೊಡ್ಡ ಕಂಪನಿಗಳ ಕೈಗೆ ಹೋಗದೆ, ಸ್ವಂತ ದೋಣಿಯುಳ್ಳವರ ಕೈಯಲ್ಲೇ ಉಳಿದಿದೆ. ಆ ಕಾರಣಕ್ಕಾಗಿಯೇ ಅವರು ಸಂಬಳದವರ ಪಟ್ಟಿಗೆ ಸೇರುವುದಿಲ್ಲ. ಒಂದು ಕರಾವಳಿಯ ಬದುಕನ್ನೇ ರೂಪಿಸಿರುವ ವೃತ್ತಿ ಕೋಷ್ಟಕದಿಂದ ಮಾಯವಾಗುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಅಯೋವಾದ ರೈತರ ಕಥೆಯೂ ಹೆಚ್ಚು ಬೇರೆಯಲ್ಲ.

ಇಂಥ ವೃತ್ತಿಗಳಿಗೆ ಜನಗಣತಿ ಬ್ಯೂರೋ ನಡೆಸುವ ಅಮೆರಿಕನ್ ಕಮ್ಯೂನಿಟಿ ಸರ್ವೇಯನ್ನು ನೋಡಬೇಕು. ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳನ್ನು ಸಂಪರ್ಕಿಸುವ ಆ ಸಮೀಕ್ಷೆ ಮನೆಗಳಿಂದ ಮಾಹಿತಿ ಪಡೆಯುವುದರಿಂದ ಸ್ವಂತ ಉದ್ಯೋಗದವರೂ ಸೇರುತ್ತಾರೆ. ಅಲ್ಲಿ ಅನುಪಾತ ಸಿದ್ಧವಾಗಿ ಸಿಗುವುದಿಲ್ಲ, ನಾವೇ ಲೆಕ್ಕ ಹಾಕಬೇಕು. ಎರಡು ಸಮೀಕ್ಷೆಗಳ ಅಂಕಿಗಳನ್ನು ಒಂದೇ ಭಾಗಾಕಾರದಲ್ಲಿ ಬೆರೆಸಬಾರದು. ಬಿಎಲ್ಎಸ್ ಉದ್ಯೋಗಗಳನ್ನು ಸಂಸ್ಥೆ ಇರುವ ಜಾಗದಲ್ಲಿ ಎಣಿಸಿದರೆ, ಜನಗಣತಿ ಬ್ಯೂರೋದ ಸಾಮಾನ್ಯ ಕೋಷ್ಟಕಗಳು ಕೆಲಸಗಾರರನ್ನು ಅವರು ವಾಸಿಸುವ ಜಾಗದಲ್ಲಿ ಎಣಿಸುತ್ತವೆ. ವಾಷಿಂಗ್ಟನ್ ಡಿ.ಸಿ.ಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ರಾಜ್ಯಶಾಸ್ತ್ರಜ್ಞರ ಸಾಂದ್ರತೆ ಅಲ್ಲಿ ಅಗಾಧ, ಆದರೆ ಅಲ್ಲಿ ದುಡಿಯುವ ಬಹಳಷ್ಟು ಜನ ಸಂಜೆ ಮೇರಿಲ್ಯಾಂಡ್ ಮತ್ತು ವರ್ಜೀನಿಯಾದ ಮನೆಗಳಿಗೆ ಮರಳುತ್ತಾರೆ. ಡಿ.ಸಿ. ರಾಜ್ಯವಲ್ಲ, ಇಡೀ ಒಂದು ನಗರ ಮಾತ್ರ ಎಂಬುದನ್ನೂ ನೆನಪಿಡಬೇಕು. ಅದನ್ನು ರಾಜ್ಯಗಳ ಸಾಲಿನಲ್ಲಿ ನಿಲ್ಲಿಸಿದರೆ ಹೋಲಿಕೆಯೇ ಕೆಡುತ್ತದೆ.

ಕಾರಣವನ್ನು ಹುಡುಕುವುದು

ಅಂಕಿ ಗಟ್ಟಿಯಾಗಿದೆ ಎಂದು ಖಚಿತವಾದ ಮೇಲೆ, ಹೀಗೇಕೆ ಎಂದು ಕೇಳಬೇಕು. ನೆಲ, ನೀರು, ಖನಿಜಗಳು ಮೊದಲು ಹೊಳೆಯುವ ಕಾರಣಗಳು. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು, ಟೆಕ್ಸಸ್‌ನ ಪೆಟ್ರೋಲಿಯಂ ಎಂಜಿನಿಯರ್‌ಗಳು ಇವುಗಳಿಗೆ ಹೆಚ್ಚಿನ ವಿವರಣೆ ಬೇಡ. ಅಲಾಸ್ಕಾದ ಬಹುಪಾಲು ಊರುಗಳಿಗೆ ರಸ್ತೆ ಸಂಪರ್ಕವಿಲ್ಲ ಎಂದು ತಿಳಿದರೆ ಪೈಲಟ್‌ಗಳ ಸಂಖ್ಯೆ ತಾನಾಗಿಯೇ ಅರ್ಥವಾಗುತ್ತದೆ.

ಕಾನೂನು ಹುಟ್ಟಿಸಿದ ವೃತ್ತಿಗಳು ಇದಕ್ಕಿಂತ ಕುತೂಹಲಕರ. ನೆವಾಡ 1931ರಲ್ಲಿ ಜೂಜನ್ನು ಕಾನೂನುಬದ್ಧಗೊಳಿಸಿತು. ಆ ಒಂದು ನಿರ್ಧಾರದ ನೆರಳು ಇಂದಿನ ಕೋಷ್ಟಕದವರೆಗೂ ಚಾಚಿದೆ. ನ್ಯೂಜೆರ್ಸಿಯಲ್ಲಿ ಗಾಡಿಗೆ ತಾವೇ ಪೆಟ್ರೋಲ್ ತುಂಬಿಸಿಕೊಳ್ಳುವುದನ್ನು 1949ರಿಂದ ನಿಷೇಧಿಸಲಾಗಿದೆ, ಆದ್ದರಿಂದ ಉಳಿದೆಡೆ ಬಹುತೇಕ ಅಳಿದುಹೋಗಿರುವ ಬಂಕ್ ಸಹಾಯಕರ ಕೆಲಸ ಅಲ್ಲಿ ಇನ್ನೂ ಉಳಿದಿದೆ. ಆರಿಗನ್‌ನಲ್ಲಿ ಅಂಥದೇ ಕಾನೂನು 1951ರಿಂದ ಇತ್ತು, 2023ರಲ್ಲಿ ಅದನ್ನು ಸಡಿಲಿಸಿದರು. ದಕ್ಷಿಣ ಡಕೋಟ 1980ರಲ್ಲಿ ಬಡ್ಡಿದರದ ಮಿತಿಯನ್ನು ತೆಗೆದುಹಾಕಿದ ಬೆನ್ನಿಗೇ ಸಿಟಿಬ್ಯಾಂಕ್ ತನ್ನ ಕ್ರೆಡಿಟ್ ಕಾರ್ಡ್ ವ್ಯವಹಾರವನ್ನು ನ್ಯೂಯಾರ್ಕ್‌ನಿಂದ ಸೂ ಫಾಲ್ಸ್ ನಗರಕ್ಕೆ ಸ್ಥಳಾಂತರಿಸಿತು. ಹುಲ್ಲುಗಾವಲಿನ ರಾಜ್ಯವೊಂದರಲ್ಲಿ ಬ್ಯಾಂಕಿಂಗ್ ಕೆಲಸಗಳು ಕಂಡರೆ ನಕ್ಷೆಯನ್ನು ನೋಡಿ ಕಾರಣ ಸಿಗದು, ಶಾಸನಸಭೆಯ ದಾಖಲೆಯನ್ನು ನೋಡಬೇಕು.

ಇನ್ನು ಕೆಲವೆಡೆ ಇತಿಹಾಸವೇ ಉತ್ತರ. 1895ರಲ್ಲಿ ಕ್ಯಾಥರಿನ್ ಇವಾನ್ಸ್ ಎಂಬ ಹುಡುಗಿ ಜಾರ್ಜಿಯಾದ ಡಾಲ್ಟನ್ ಬಳಿ ನೂಲಿನ ಕುಚ್ಚುಗಳಿಂದ ಹಾಸಿಗೆಯ ಮೇಲುಹೊದಿಕೆ ಹೆಣೆದದ್ದು ಮನೆಮನೆಯ ಕಸುಬಾಗಿ, ಮುಂದೆ ಯಂತ್ರಗಳು ಬಂದು ಕಾರ್ಪೆಟ್ ಉದ್ಯಮವಾಗಿ ಬೆಳೆಯಿತು. ಕ್ಯಾನ್ಸಸ್‌ನ ವಿಚಿಟಾದಲ್ಲಿ 1920ರ ದಶಕದಲ್ಲಿ ಸೆಸ್ನಾ ಮುಂತಾದ ವಿಮಾನ ತಯಾರಕರು ನೆಲೆಯೂರಿದ್ದರಿಂದ ವಿಮಾನದ ಒಡಲನ್ನು ಜೋಡಿಸುವ ಕುಶಲಕರ್ಮಿಗಳು ಇಂದಿಗೂ ಅಲ್ಲಿ ದಟ್ಟವಾಗಿದ್ದಾರೆ. ಒಮ್ಮೆ ನುರಿತ ಕೈಗಳು ಒಂದೆಡೆ ಸೇರಿದರೆ ಹೊಸ ಕಾರ್ಖಾನೆ ಅವರನ್ನು ಹುಡುಕಿಕೊಂಡು ಅಲ್ಲಿಗೇ ಬರುತ್ತದೆ.

ಕಾರಣವನ್ನು ಒರೆಹಚ್ಚಲು ಒಂದು ಸುಲಭ ದಾರಿಯಿದೆ. ಬಿಎಲ್ಎಸ್‌ನದೇ ಆದ, ಉದ್ಯಮವಾರು ಉದ್ಯೋಗಗಳ ತ್ರೈಮಾಸಿಕ ಎಣಿಕೆಯಲ್ಲಿ ಅದೇ ರಾಜ್ಯದ ಸಂಬಂಧಪಟ್ಟ ಉದ್ಯಮದ ಅನುಪಾತವನ್ನು ನೋಡಿ. ದೇಶದ ಉದ್ಯೋಗಗಳಲ್ಲಿ ಶೇ. 95ಕ್ಕೂ ಹೆಚ್ಚನ್ನು ಒಳಗೊಳ್ಳುವ ಎಣಿಕೆ ಅದು. ಉದ್ಯಮವೂ ವೃತ್ತಿಯೂ ಒಟ್ಟಿಗೆ ಸಾಂದ್ರವಾಗಿದ್ದರೆ ಕಥೆ ಹೊಂದುತ್ತದೆ. ವೃತ್ತಿ ಮಾತ್ರ ಎದ್ದು ಕಂಡು ಉದ್ಯಮ ಕಾಣದಿದ್ದರೆ ಇನ್ನೊಮ್ಮೆ ಯೋಚಿಸಬೇಕು.

ಬರೆಯುವಾಗಿನ ಎಚ್ಚರಗಳು

ಹಿಂದಿನ ವರ್ಷದ ಅನುಪಾತದೊಡನೆ ಈ ವರ್ಷದ್ದನ್ನು ಹೋಲಿಸಿ ಏರಿಳಿತದ ವರದಿ ಬರೆಯಲು ಹೋಗಬೇಡಿ. ಪ್ರತಿ ಅಂದಾಜೂ ಮೂರು ವರ್ಷಗಳ ಮಾಹಿತಿಯನ್ನು ಆಧರಿಸಿದೆ, ಅನುಕ್ರಮ ವರ್ಷಗಳು ಬಹುಭಾಗ ಒಂದೇ ಮಾಹಿತಿಯನ್ನು ಹಂಚಿಕೊಳ್ಳುತ್ತವೆ. ಹೆಚ್ಚು ಸಾಂದ್ರತೆ ಎಂದರೆ ಹೆಚ್ಚು ಖಾಲಿ ಹುದ್ದೆಗಳು ಅಥವಾ ಹೆಚ್ಚು ವೇತನ ಎಂದೂ ಅಲ್ಲ. ಕುಸಿಯುತ್ತಿರುವ ಉದ್ಯಮದ ಕೊನೆಯ ನೆಲೆಯೂ ದೊಡ್ಡ ಅನುಪಾತವನ್ನೇ ತೋರಿಸುತ್ತದೆ. ಕೆಲಸಕ್ಕಾಗಿ ರಾಜ್ಯ ಬದಲಿಸಲು ಯೋಚಿಸುತ್ತಿರುವವರು ಅದೇ ಕಡತದ ವೇತನದ ಅಂಕಣಗಳನ್ನೂ ಆ ರಾಜ್ಯ ಸರ್ಕಾರದ ಉದ್ಯೋಗ ಮುನ್ನಂದಾಜುಗಳನ್ನೂ ಜೊತೆಗಿಟ್ಟು ನೋಡಬೇಕು.

ಫಲಿತಾಂಶವನ್ನು ವಾಕ್ಯವಾಗಿಸುವಾಗ ಯಾವ ವರ್ಷದ ಮೇ ತಿಂಗಳ ಅಂದಾಜು, ರಾಜ್ಯದಲ್ಲಿ ಸಾವಿರಕ್ಕೆ ಎಷ್ಟು, ದೇಶದಲ್ಲಿ ಎಷ್ಟು, ಒಟ್ಟು ಎಷ್ಟು ಮಂದಿ ಎಂಬ ನಾಲ್ಕನ್ನೂ ಹೇಳಿ, ಸ್ವಂತ ಉದ್ಯೋಗದವರು ಸೇರಿಲ್ಲ ಎಂಬುದನ್ನು ಅದೇ ವಾಕ್ಯದಲ್ಲಿ ಅಥವಾ ಮುಂದಿನದರಲ್ಲಿ ಸೇರಿಸಿ. ‘ಮೂರು ಪಟ್ಟು ಹೆಚ್ಚು’ ಎಂದು ಬರೆದರೆ ಕೆಲವರು ನಾಲ್ಕು ಪಟ್ಟು ಎಂದು ತಿಳಿಯುತ್ತಾರೆ, ಆದ್ದರಿಂದ ‘ದೇಶದ ಸರಾಸರಿಯ ಮೂರು ಪಟ್ಟು’ ಎಂದೇ ಬರೆಯಿರಿ.