ಬಿಸಾಕಬೇಕಿದ್ದ ಚಿಪ್‌ಗಳು ಕೆಲಸಕ್ಕೆ ಬಂದದ್ದು

"ಹಳೇ ಚಿಪ್ ಅಲ್ವಾ, ಬಿಸಾಕಿ, ಹೊಸದು ತರಿಸಿ" ಅಂತ ಎಲ್ಲರೂ ಹೇಳಿದ್ದರು. ತರಿಸೋದೇನೋ ಸುಲಭ, ದುಡ್ಡು? ನನ್ನ ಹತ್ತಿರ ಟಿಎಲ್‌ಡಿ-100 ಚಿಪ್‌ಗಳು ನೂರರ ಆಸುಪಾಸು ಇದ್ದವು. ಇವು ವಿಕಿರಣದ ಪ್ರಮಾಣ, ಅಂದರೆ ಡೋಸ್, ಅಳೆಯುವ ಪುಟ್ಟ ಹರಳಿನ ತುಂಡುಗಳು; ಡೋಸ್ ಬಿದ್ದ ಮೇಲೆ ಬಿಸಿ ಮಾಡಿದರೆ ಬೆಳಕು ಕೊಡುತ್ತವೆ. ಎಲ್ಲಕ್ಕೂ ಒಂದೇ ಡೋಸ್ ಕೊಟ್ಟು ಓದಿದರೆ 15 ಪರ್ಸೆಂಟ್‌ವರೆಗೆ ಏರುಪೇರು. ಚಿಪ್‌ಗೊಂದು ತಿದ್ದುಪಡಿ ಅಂಕಿ ಹಾಕಿದರೂ ಮುಂದಿನ ಸಲ ಅದೇ ಚಿಪ್ ಬೇರೆ ರಾಗ ಹಾಡುತ್ತಿತ್ತು.

ಮೊದಲು ಆ ಬೆಳಕನ್ನು ಓದುವ ಯಂತ್ರದ, ಅಂದರೆ ರೀಡರ್ ಮೇಲೆ ಅನುಮಾನ ಬಂತು. ನೈಟ್ರೋಜನ್ ಹರಿವು ಬದಲಿಸಿದೆ, ತಟ್ಟೆ ಉಜ್ಜಿದೆ, ಸರ್ವಿಸ್‌ಗೆ ಕರೆಸಿ ದುಡ್ಡು ಸುರಿದೆ. ಎರಡು ತಿಂಗಳು ನೀರಲ್ಲಿ ಹೋಮ. ಮೆಥನಾಲ್‌ನಲ್ಲಿ ತೊಳೆದಾಗ ಸಣ್ಣ ಡೋಸ್‌ನ ಸುಳ್ಳು ಬೆಳಕು ಕಡಿಮೆಯಾಯಿತು, ಅಷ್ಟೇ.

ಕಳ್ಳ ಸಿಕ್ಕಿದ್ದು ಅನೀಲಿಂಗ್‌ನಲ್ಲಿ, ಅಂದರೆ ಚಿಪ್ ಮತ್ತೆ ಬಳಸೋಕೆ ಕುಲುಮೆಯಲ್ಲಿ ಕಾಯಿಸಿ ಹಳೇ ಡೋಸ್ ಅಳಿಸುವ ಕೆಲಸದಲ್ಲಿ. 400 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ 100ರಲ್ಲಿ ಎರಡು ಗಂಟೆ, ಇದನ್ನು ಎಲ್ಲರೂ ಮಾಡುತ್ತೇವೆ. ಆದರೆ 400ರಿಂದ ಕೆಳಗೆ ಇಳಿಯುವ ಹೊತ್ತು? ಒಂದು ದಿನ ಟ್ರೇಯನ್ನು ಕಲ್ಲಿನ ಮೇಲೆ ಇಡುತ್ತಿದ್ದೆ, ಇನ್ನೊಂದು ದಿನ ಫ್ಯಾನ್ ಕೆಳಗೆ. ತಣಿಯುವ ವೇಗ ಬದಲಾದರೆ ಚಿಪ್‌ನ ಸೂಕ್ಷ್ಮತೆಯೂ ಬದಲಾಗುತ್ತದೆ. ಜೊತೆಗೆ ಫರ್ನೇಸ್ ಬಾಗಿಲ ಹತ್ತಿರ ಹತ್ತು-ಹನ್ನೆರಡು ಡಿಗ್ರಿ ಕಡಿಮೆ. ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ತೂರಿಸಿ ನೋಡಿದ ಮೇಲೆ ಗೊತ್ತಾಯಿತು.

ದಪ್ಪ ಅಲ್ಯೂಮಿನಿಯಂ ತುಂಡಿಗೆ ಗುಳಿ ಕೊರೆಸಿ ಟ್ರೇ ಮಾಡಿಸಿದೆ. ಹೊರತೆಗೆದ ಕೂಡಲೇ ಇನ್ನೊಂದು ಲೋಹದ ಹಲಗೆ ಮೇಲೆ, ಅದೇ ಜಾಗದಲ್ಲಿ, ಫ್ಯಾನ್ ಆಫ್, ಗಡಿಯಾರ ಹಿಡಿದು. ಖರ್ಚು ಹೊಸ ಚಿಪ್‌ಗಳ ಬೆಲೆಯಲ್ಲಿ ಇಪ್ಪತ್ತನೇ ಒಂದು ಭಾಗವೂ ಇಲ್ಲ. ಮೂರು ಸುತ್ತಿನ ನಂತರ ಒಂದೇ ಚಿಪ್‌ನ ಓದು 2 ಪರ್ಸೆಂಟ್ ಒಳಗೆ ನಿಂತಿತು. ಹೊರತೆಗೆಯುವ ಮುಂಚೆ ಬಾಗಿಲನ್ನು ಎಷ್ಟು ಹೊತ್ತು ಅರೆತೆರೆದಿಡಬೇಕು ಅನ್ನೋದನ್ನು ಹೇಳಲ್ಲ. ನನಗೂ ಏನಾದರೂ ಉಳಿಯಲಿ!

ನಡುವೆ ಒಂದು ದೊಡ್ಡ ಎಡವಟ್ಟು ಆಯಿತು. ಟಿಎಲ್‌ಡಿ-100ಎಚ್ ಅನ್ನೋ ಬೇರೆ ಜಾತಿಯ ಚಿಪ್‌ಗಳೂ ನೋಡೋಕೆ ಹಾಗೇ ಇರುತ್ತವೆ. ಅವು 240 ಡಿಗ್ರಿ ದಾಟಬಾರದು. ಸುಮಾರು ಮೂವತ್ತನ್ನು ಸೀದಾ 400ಕ್ಕೆ ಹಾಕಿಬಿಟ್ಟೆ. ಉಳಿಸಿದ್ದ ದುಡ್ಡೆಲ್ಲ ಒಂದೇ ಗಂಟೆಯಲ್ಲಿ ಹೋಯಿತು. ಗುರುತಿಗೆ ಬಣ್ಣ ಹಚ್ಚಿದರೆ ಸುಟ್ಟುಹೋಗುತ್ತದೆ. ಅದಕ್ಕೇ ಈಗ ಒಂದು ಟ್ರೇಯ ಮೂಲೆ ಕತ್ತರಿಸಿಟ್ಟಿದ್ದೇನೆ.

ಸುಮ್ನೆ ಕುತೂಹಲಕ್ಕೆ ಫ್ಲೋರೋಸ್ಕೋಪಿ (ಎಕ್ಸ್-ರೇ ಚಿತ್ರ ನೇರವಾಗಿ ನೋಡುತ್ತಾ ಮಾಡುವ ಚಿಕಿತ್ಸೆ, ತಪಾಸಣೆ) ಮಾಡುವ ವೈದ್ಯರ ಕನ್ನಡಕಕ್ಕೂ ಚಿಪ್ ಅಂಟಿಸಿದೆ. 2011ರಲ್ಲಿ ಐಸಿಆರ್‌ಪಿ (ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ) ಇಂಥ ಕೆಲಸದವರ ಕಣ್ಣಿನ ಮಸೂರದ ಡೋಸ್ ಮಿತಿಯನ್ನು ವರ್ಷಕ್ಕೆ 150 ಮಿಲಿಸೀವರ್ಟ್‌ನಿಂದ ಸರಾಸರಿ 20ಕ್ಕೆ ಇಳಿಸಿದ ಮೇಲೆ ಇದು ಆಟವಲ್ಲ. ಎಡಗಣ್ಣಿನ ಕಡೆ ಬಲಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು. ಸೀಸದ ಗಾಜಿನ ಒಳಗೂ ನಾನು ಅಂದುಕೊಂಡಷ್ಟು ಇಳಿಯಲಿಲ್ಲ. ಕೆನ್ನೆ ಪಕ್ಕದ ಸಂದಿನಿಂದ ಚದುರಿದ ಕಿರಣ ನುಗ್ಗುತ್ತದೆ.

ಮತ್ತೆ ಹಳೇ ಚಿಪ್‌ಗಳಿಗೆ ಬರೋಣ. ಫ್ಯಾಂಟಮ್‌ನಲ್ಲಿ (ದೇಹದ ಬದಲಿಗೆ ಇಡುವ ಮಾದರಿ) ಅಯಾನ್ ಚೇಂಬರ್ ಅನ್ನೋ ನಂಬಿಕಸ್ಥ ಡೋಸ್ ಅಳತೆ ಉಪಕರಣದ ಪಕ್ಕದಲ್ಲಿಟ್ಟು 1 ಗ್ರೇ (ಡೋಸ್‌ನ ಮಾನ) ಕೊಟ್ಟರೆ 1.02 ಓದಿದವು. 2 ಗ್ರೇಯಲ್ಲಿ ಜಾಸ್ತಿ ತೋರಿಸುತ್ತವೆ, ಅದಕ್ಕೆ ಕ್ಯಾಲಿಬ್ರೇಷನ್ ಬೇರೆ. ಈಗ ಹನ್ನೊಂದನೇ ಸುತ್ತು. ಚಿಮುಟದಲ್ಲಿ ಹಿಡಿಯುವಾಗ ಎರಡು ಚಿಪ್ ಮುರಿದವು, ಒಂದು ನೆಲಕ್ಕೆ ಬಿದ್ದದ್ದು ಇನ್ನೂ ಸಿಕ್ಕಿಲ್ಲ.