ಸ್ಲಾಟ್ ಕಾರು ಓಡ್ತಿಲ್ವಾ? ಮೋಟಾರ್ ಬಿಚ್ಚಬೇಡಿ

ಸ್ಲಾಟ್ ಕಾರು ಅಂದರೆ ಸೀಳಿರುವ ಟ್ರ್ಯಾಕಿನ ಮೇಲೆ ಕರೆಂಟಿನಿಂದ ಓಡುವ ಆಟಿಕೆ ಕಾರು. ಕಾರವಾರದಲ್ಲಿ ಮಳೆಗಾಲ ಕಳೆದು ಅಟ್ಟದಿಂದ ಅದನ್ನು ಇಳಿಸಿದರೆ ಅದು ಒಂದೋ ಅಲುಗಾಡುವುದಿಲ್ಲ, ಇಲ್ಲಾ ಕುಂಟುತ್ತದೆ. ಎಲ್ಲರೂ ಮೊದಲು ಮೋಟಾರಿಗೆ ಕೈ ಹಾಕುತ್ತಾರೆ. ನಮ್ಮ ಅಕ್ಕನ ಮಗನೂ ಹಾಗೇ ಮಾಡಿದ. ಒಳಗಿನ ಪುಟ್ಟ ಸ್ಪ್ರಿಂಗ್ ಹಾರಿಹೋಯಿತು, ಇಡೀ ಮನೆ ಗುಡಿಸಿದರೂ ಸಿಗಲಿಲ್ಲ. ಪಾಪ, ಮೋಟಾರ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಬ್ರೇಡ್.

ಕಾರು ಮಗುಚಿ ನೋಡಿ. ಮುಂದೆ ಗೈಡ್ ಇರುತ್ತದೆ, ಟ್ರ್ಯಾಕಿನ ಸೀಳಿನಲ್ಲಿ ಇಳಿಯುವ ನಾಲಿಗೆ. ಅದರ ಎರಡೂ ಬದಿಗೆ ಜಡೆಯಂತೆ ಹೆಣೆದ ತಾಮ್ರದ ಪಟ್ಟಿಗಳೇ ಬ್ರೇಡ್. ಸೀಳಿನ ಅಕ್ಕಪಕ್ಕದ ಲೋಹದ ಹಳಿಯಿಂದ ಮೋಟಾರಿಗೆ ಕರೆಂಟ್ ಹೋಗುವುದು ಇವುಗಳ ಮೂಲಕವೇ. ಉಪ್ಪು ಗಾಳಿಗೆ ಇವು ಹಸಿರುಗಟ್ಟುತ್ತವೆ.

ಮೊದಲು ಪ್ಲಗ್ ತೆಗೆದು ಹಳಿ ಒರೆಸಿ. ತುಕ್ಕಿದ್ದರೆ ಪೆನ್ಸಿಲ್ ಅಳಿಸುವ ರಬ್ಬರ್ ಸಾಕು.

ಇನ್ನು ಬ್ರೇಡ್. ಹಳೇ ಹಲ್ಲುಜ್ಜುವ ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಎಳೆಯ ಉದ್ದಕ್ಕೇ ಉಜ್ಜಿ, ಅಡ್ಡಡ್ಡ ಬೇಡ. ಎಳೆ ಪುಡಿಯಾದರೆ ಹೊಸದೇ ಹಾಕಿ. ಒಣಗಿದ ಮೇಲೆ ಹಿಂದಿನ ತುದಿಯನ್ನು ಸೂಜಿಯಿಂದ ಸ್ವಲ್ಪ ಬಿಡಿಸಿ, ಹಳಿಗೆ ತಾಗುವಷ್ಟೇ ಕೆಳಕ್ಕೆ ಬಗ್ಗಿಸಿ. ತಪ್ಪುವುದು ಇಲ್ಲಿಯೇ. ‘ಚೆನ್ನಾಗಿ ತಾಗಲಿ’ ಅಂತ ಜಾಸ್ತಿ ಬಗ್ಗಿಸಿದರೆ ಮೂತಿ ಮೇಲೇಳುತ್ತದೆ, ಮೊದಲ ತಿರುವಿನಲ್ಲೇ ಗೈಡ್ ಸೀಳಿನಿಂದ ಹಾರುತ್ತದೆ. ಟ್ರ್ಯಾಕ್ ಮೇಲಿಟ್ಟು ಮೂತಿಯನ್ನು ಬೆರಳಿಂದ ಮೆಲ್ಲಗೆ ಒತ್ತಿ ಬಿಡಿ. ಪುಟಿದು ಮೇಲೆದ್ದರೆ ಇನ್ನೂ ಚಪ್ಪಟೆ ಮಾಡಬೇಕು. ಒಂದು ಬದಿಯ ಎಳೆ ಇನ್ನೊಂದಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ, ಕತ್ತರಿಸಿ ಹಾಕಿ.

ಆ ಆಲ್ಕೋಹಾಲ್ ಕಾರಿನ ಮೈಗೆ ತಾಗಿಸಬೇಡಿ. ನನ್ನದು 1:32 ಅಳತೆಯ ಲೋಟಸ್ 49. 1967ರ ಡಚ್ ಗ್ರ್ಯಾನ್ ಪ್ರಿಯಲ್ಲಿ ರೇಸರ್ ಜಿಮ್ ಕ್ಲಾರ್ಕ್ ಅದರ ಚೊಚ್ಚಲ ಓಟದಲ್ಲೇ ಗೆಲ್ಲಿಸಿದ ಹಸಿರು ಕಾರು. ಅದರ ನಂಬರ್ ಅರ್ಧ ಅಳಿಸಿದ ಪುಣ್ಯಾತ್ಮ ನಾನೇ.

ಹಿಂದಿನ ಟೈರುಗಳನ್ನು ಟೇಪಿನ ಅಂಟು ಬದಿಯ ಮೇಲೆ ಉರುಳಿಸಿದರೆ ಧೂಳು ಹೋಗುತ್ತದೆ.

ಆಕ್ಸಲ್‌ಗೆ ಹೊಲಿಗೆ ಮಷಿನ್ ಎಣ್ಣೆ, ಗುಂಡುಸೂಜಿಯ ತುದಿಯಲ್ಲಿ ಒಂದೇ ಹನಿ. ಕೊಬ್ಬರಿ ಎಣ್ಣೆ ಖಂಡಿತ ಬೇಡ. ಶಿರಸಿಯ ಚಳಿಗೆ ಅದು ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ, ಆಕ್ಸಲ್ ಬಿಟ್ಟೀತೇ? ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ, ಟೈರಿಗೆ ಸಿಡಿದರೆ ಕಾರು ಜಾರುತ್ತದೆ.

ಎತ್ತಿಡುವಾಗ ಷೋಕೇಸ್ ಬೇಡ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ಹೊಸ ಚಪ್ಪಲಿ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಡಬ್ಬಿಯೊಳಗೆ ಎರಡು ಹಾಕಿಡಿ.